ಖಾಲಿ ರೆಸಿನ್ನಿನ ಮೇಡಂ

ಹೋದ ತಿಂಗಳು ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಮೇಡಂ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ನಮ್ಮ ವಿಭಾಗದಲ್ಲಿ ಬಹುಕಾಲ ಪಾಠ ಮಾಡಿ, ನಿವೃತ್ತರಾಗಿ, ರಾಮಕೃಷ್ಣನಗರದ ಮನೆಯಲ್ಲಿ ಅಕ್ಕನ ಜೊತೆ ಇದ್ದು ತೀರಿಕೊಂಡವರು. ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಅವರ ಹೆಸರಿಗೆ ಮುಂಚೆ ಪ್ರೊಫೆಸರ್ ಎಂದಿತ್ತು. ಅವರು ಯಾವತ್ತೂ ಪ್ರೊಫೆಸರ್ ಆಗಿರಲಿಲ್ಲ. ಬದುಕಿರುವಾಗ ಕಾಲೇಜು ಕೊಡದ ಬಡ್ತಿಯನ್ನು ಫ್ಲೆಕ್ಸ್ ಅಂಗಡಿಯವನು ಒಂದು ಮಧ್ಯಾಹ್ನದಲ್ಲಿ ಕೊಟ್ಟಿದ್ದ. ಫೋಟೋ ಗುರುತಿನ ಚೀಟಿಯದು, ಹಿಗ್ಗಿಸಿದ್ದರಿಂದ ಮುಖ ಮಸುಕಾಗಿ, ನೋಡಿದವರಿಗೆ ತಮಗೆ ಬೇಕಾದ ಯಾರು ಬೇಕಾದರೂ ಕಾಣುವಂತಿತ್ತು. ಭಾಷಣಕಾರರಿಗೆ ಇದರಿಂದ ಅನುಕೂಲವಾಯಿತು.

ಮೊದಲು ಮಾತಾಡಿದವರು ಈಗಿನ ಪ್ರಿನ್ಸಿಪಾಲರು. ಮೇಡಂ ಇದ್ದ ಕಾಲದಲ್ಲಿ ಅವರೇ ನಮ್ಮ ವಿಭಾಗದ ಎಚ್‌ಒಡಿ. ಇಲ್ಲಿಯೂ ಎಚ್‌ಒಡಿ ಎಂದೇ ಕರೆಯುತ್ತೇನೆ, ಅಭ್ಯಾಸ. ಮೇಡಂ ಮೃದುಭಾಷಿಯಾಗಿದ್ದರು, ಮೈಸೂರಿಗೆ ನ್ಯಾನೋ ತಂತ್ರಜ್ಞಾನ ತಂದರು, ಸಂಶೋಧನೆಗಾಗಿ ಮದುವೆಯನ್ನೇ ತ್ಯಾಗ ಮಾಡಿದರು ಎಂದು ಅವರು ಹೇಳಿದರು. ನನ್ನ ಪಕ್ಕದಲ್ಲಿ ಕೂತಿದ್ದ ಲ್ಯಾಬಿನ ಹಳೆಯ ಸಹಾಯಕರು ನನ್ನ ಕಿವಿಯ ಹತ್ತಿರ ಬಂದು, "ಸಾರ್, ಇವತ್ತು ಇಲ್ಲಿ ಎರಡು ಸಭೆ ಇದೆಯಾ?" ಎಂದು ಕೇಳಿದರು.

ಮೃದುಭಾಷೆಯ ವಿಷಯಕ್ಕೆ ಬರೋಣ. ಹುಡುಗನೊಬ್ಬ ಎಲ್ಲಿಂದಲೋ ಎತ್ತಿದ ಪ್ರಾಜೆಕ್ಟ್ ವರದಿ ತಂದುಕೊಟ್ಟಾಗ ಮೇಡಂ ಅದನ್ನು ನಿಧಾನವಾಗಿ ಓದಿ, ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿ, "ಇದನ್ನ ಬರೆದವರು ನಿಮ್ಮ ಮನೆ ಪಕ್ಕದಲ್ಲಿದ್ದಾರೇನಪ್ಪಾ? ಅವರನ್ನೇ ಕಳಿಸು, ಅವರಿಗೆ ಮಾರ್ಕ್ಸ್ ಕೊಡ್ತೀನಿ" ಅಂದಿದ್ದರು. ದನಿ ಏರಿಸಿರಲಿಲ್ಲ, ನಿಜ. ಮೃದು ಎಂದರೆ ಅಷ್ಟೇ ಆದರೆ ಎಚ್‌ಒಡಿ ಹೇಳಿದ್ದು ಸರಿ.

ಮದುವೆಯ ತ್ಯಾಗದ ಬಗ್ಗೆ ನಾನೇ ಒಮ್ಮೆ ಕ್ಯಾಂಟೀನಿನಲ್ಲಿ, ಆಗ ಹೊಸದಾಗಿ ಸೇರಿದ್ದ ಮೇಷ್ಟ್ರ ಪೆದ್ದುತನದಲ್ಲಿ, ಕೇಳಿಬಿಟ್ಟಿದ್ದೆ. ಮೇಡಂ ಇಡ್ಲಿ ಮುರಿಯುತ್ತಾ ಹೇಳಿದರು: "ತ್ಯಾಗ ಗೀಗ ಏನಿಲ್ಲ ಕಣಪ್ಪ. ನೋಡೋಕೆ ಬಂದೋರು ಯಾರೂ ಎರಡನೇ ಸಲ ಬರಲಿಲ್ಲ. ರಿಪೀಟ್ ಆಗದೇ ಇರೋ ರೀಡಿಂಗ್ ಇಟ್ಕೊಂಡು ನಾನೇನು ಮಾಡಲಿ?"

ಅವರ ತಾತ ಅರಮನೆಯಲ್ಲಿ ಕೆಲಸಕ್ಕಿದ್ದರು. ಗಡಿಯಾರಗಳಿಗೆ ಕೀಲಿ ಕೊಡುವ ಕೆಲಸ ಎಂದು ನಾನು ಬಹಳ ಕಾಲ ನಂಬಿದ್ದೆ, ಇಬ್ಬರು ಮೂವರಿಗೆ ಹೇಳಿಯೂ ಇದ್ದೆ. ಅರಮನೆಯ ಗಡಿಯಾರ, ಮೊಮ್ಮಗಳ ಕರಾರುವಾಕ್ಕು ಸ್ವಭಾವ, ಕೂಡಿಸಲಿಕ್ಕೆ ಚೆನ್ನಾಗಿತ್ತು. ಅವರ ಅಕ್ಕನನ್ನು ಕೇಳಿದರೆ ಲಾಯದಲ್ಲಿ ಕುದುರೆಗಳಿಗೆ ಹುರುಳಿ ಅಳೆಯುತ್ತಿದ್ದರು ಎನ್ನುತ್ತಾರೆ. ಗಡಿಯಾರ ಎಂದು ಮೇಡಂ ಹೇಳಿದರೋ, ನಾನೇ ಕಟ್ಟಿಕೊಂಡೆನೋ ಗೊತ್ತಿಲ್ಲ. ಚೆನ್ನಾಗಿ ಕೂಡುವ ನೆನಪುಗಳ ಮೇಲೆ ನನಗೆ ಅವತ್ತಿನಿಂದ ಅನುಮಾನ.

ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಆಗ ಅವರ ಮನೆ ಸರಸ್ವತಿಪುರಂನಲ್ಲಿತ್ತು, ನನ್ನದೂ ಹತ್ತಿರದಲ್ಲೇ. ಸಂಜೆ ತರಕಾರಿ ಅಂಗಡಿಯಲ್ಲಿ ಸಿಗುತ್ತಿದ್ದರು. ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ನೋಡುವುದು ಎಲ್ಲರೂ ಮಾಡುವ ಕೆಲಸ. ಒಂದೆರಡು ಮುರಿದು ಉಳಿದದ್ದನ್ನು ಕಣ್ಣಂದಾಜಿನಲ್ಲಿ ಚೀಲಕ್ಕೆ ಸುರಿಯುತ್ತೇವೆ. ಮೇಡಂ ಒಂದೊಂದನ್ನೂ ಮುರಿಯುತ್ತಿದ್ದರು.

"ಮೇಡಂ ಅವ್ರೇ, ಎಲ್ಲಾ ಮುರಿದು ಹಾಕಿದ್ರೆ ನಾನು ಯಾರಿಗೆ ಮಾರ್ಲಿ?" ಅಂಗಡಿಯವನ ಗೋಳು.

"ಮುರಿದಿದ್ದೆಲ್ಲ ನಾನೇ ತಗೋತೀನಲ್ಲಪ್ಪಾ. ಬಾಗಿದ್ದನ್ನ ನೀನಿಟ್ಕೋ."

"ಬಾಗಿದ್ದನ್ನ ಯಾರು ತಗೋತಾರೆ?"

"ಇವರಿಗೆ ಹಾಕು," ಎಂದು ನನ್ನನ್ನು ತೋರಿಸಿದರು. "ಇವರು ಮುರಿದು ನೋಡೋರಲ್ಲ."

ಮುರಿಯುವುದೇ ಅವರ ಉದ್ಯೋಗ. ನಮ್ಮ ಲ್ಯಾಬಿನಲ್ಲಿ ಮಾಡುತ್ತಿದ್ದುದು ಇಷ್ಟೇ: ರೆಸಿನ್ ಎಂಬ ಜೇನಿನಂಥ ಅಂಟು ದ್ರವಕ್ಕೆ ಇನ್ನೊಂದು ದ್ರವ ಬೆರೆಸಿ ಅಚ್ಚಿಗೆ ಹೊಯ್ದರೆ ಅದು ಗಟ್ಟಿಯಾಗುತ್ತದೆ. ನಡು ಸಣ್ಣ, ತುದಿ ದಪ್ಪ ಇರುವ ಪಟ್ಟಿಗಳನ್ನು ಮಾಡಿ, ಯಂತ್ರದ ಎರಡು ದವಡೆಗಳಿಗೆ ಸಿಕ್ಕಿಸಿ ಎಳೆಯುತ್ತೇವೆ. ಟಕ್ ಎಂದು ಮುರಿಯುವ ಹೊತ್ತಿಗೆ ಎಷ್ಟು ಭಾರ ತಡೆಯಿತು ಎಂಬುದೇ ಅದರ ಬಲ. ಈ ರೆಸಿನ್ನಿಗೆ ಕಾರ್ಬನ್ ನ್ಯಾನೋಟ್ಯೂಬ್ ಚಿಟಿಕೆಯಷ್ಟು ಬೆರೆಸಿದರೆ ಬಲ ಹೆಚ್ಚುತ್ತದೆ ಎಂಬುದು ನಮ್ಮ ವಿಭಾಗದ ನಂಬಿಕೆ. ಕೂದಲನ್ನು ಸಾವಿರ ಸಲ ಸೀಳಿದರೂ ಅಷ್ಟು ಸಪೂರ ಸಿಗದ ಇಂಗಾಲದ ಕೊಳವೆಗಳವು. ಬರಿಗಣ್ಣಿಗೆ ಲಾಟೀನು ಗಾಜಿನ ಮಸಿ. ಬೆಲೆ ಮಾತ್ರ ಮಸಿಯದಲ್ಲ. ಫ್ಯಾನ್ ಹಾಕಿದರೆ ಹಾರಿಹೋಗುತ್ತದೆಂದು ಏಪ್ರಿಲ್ ಬಿಸಿಲಿನಲ್ಲೂ ಫ್ಯಾನ್ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿ, ಉಸಿರು ಬಿಗಿಹಿಡಿದು ಅಳೆಯುತ್ತಿದ್ದೆವು. ಆಯುಧಪೂಜೆಯ ದಿನ ಎಚ್‌ಒಡಿ ಆ ಸೀಸೆಗೂ ಕುಂಕುಮ ಇಡಿಸುತ್ತಿದ್ದರು.

ಕೊಳವೆಗಳ ಕಷ್ಟವೆಂದರೆ ಅವು ರೆಸಿನ್ನಿನಲ್ಲಿ ಹರಡಿಕೊಳ್ಳುವುದಿಲ್ಲ, ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. "ಮದುವೆ ಮನೆಗೆ ಬಂದ ನೆಂಟರು ಇದ್ದ ಹಾಗೆ," ಎನ್ನುತ್ತಿದ್ದರು ಮೇಡಂ. "ಒಬ್ಬೊಬ್ಬರೂ ಗಟ್ಟಿಗರೇ. ಆದರೆ ಬಂದ ಕೂಡಲೇ ಒಂದು ಮೂಲೆ ಹಿಡಿದು ತಮ್ಮ ತಮ್ಮಲ್ಲೇ ಕೂತ್ಕೋತಾರೆ. ಎಬ್ಬಿಸಿ ಎಲ್ಲಾ ಪಂಕ್ತಿಗೂ ಹಂಚಬೇಕು, ಇಲ್ಲದಿದ್ರೆ ಊಟ ನಡೆಯಲ್ಲ." ಎಬ್ಬಿಸುವುದಕ್ಕೆ ಒಂದು ಉಪಕರಣವಿತ್ತು. ಕಿವಿಗೆ ಕೇಳದಷ್ಟು ಏರು ಶಬ್ದದಿಂದ ದ್ರವವನ್ನು ನಡುಗಿಸುತ್ತದೆ ಎಂದು ಅದರ ಪುಸ್ತಕದಲ್ಲಿತ್ತು. ನಮ್ಮದು ಪಕ್ಕದ ಕಟ್ಟಡದವರೆಗೂ ಕೇಳುತ್ತಿತ್ತು. ರೆಸಿನ್ ಬಿಸಿಯಾಗದಿರಲೆಂದು ಬೀಕರಿನ ಸುತ್ತ ಐಸ್ ಇಡಬೇಕು. ಐಸ್ ಗೇಟಿನ ಬಳಿಯ ಜ್ಯೂಸ್ ಅಂಗಡಿಯದು. ಆಮೇಲೆ ಗಾಜಿನ ಮುಚ್ಚಳದ ಪಾತ್ರೆಯೊಳಗಿಟ್ಟು ಪಂಪಿನಿಂದ ಗಾಳಿ ಎಳೆದರೆ, ಒಳಗೆ ಸಿಕ್ಕಿಕೊಂಡ ಗುಳ್ಳೆಗಳೆಲ್ಲ ಹಾಲು ಉಕ್ಕಿದ ಹಾಗೆ ಮೇಲೆ ಬಂದು ಒಡೆಯುತ್ತವೆ. ಗುಳ್ಳೆ ಉಳಿದರೆ ಪಟ್ಟಿ ಅಲ್ಲಿಂದಲೇ ಮುರಿಯುತ್ತದೆ.

ಇಷ್ಟೆಲ್ಲ ಉಪಚಾರ ನ್ಯಾನೋಟ್ಯೂಬ್ ಹಾಕಿದ ರೆಸಿನ್ನಿಗೆ. ಅದನ್ನು ಹುಡುಗರು ಮಸಾಲೆ ಎನ್ನುತ್ತಿದ್ದರು. ಏನೂ ಹಾಕದ ರೆಸಿನ್ನಿಗೆ ಖಾಲಿ ಎಂದು ಹೆಸರು, ದೋಸೆಗಿದ್ದ ಹಾಗೆಯೇ. ಮಸಾಲೆಯ ಬಲ ಎಷ್ಟು ಹೆಚ್ಚಿತು ಎಂದು ಹೇಳಬೇಕಾದರೆ ಖಾಲಿಯನ್ನೂ ಎಳೆದು ನೋಡಬೇಕಲ್ಲ. ಅದನ್ನು ಯಂತ್ರಕ್ಕೆ ಹಾಕುವ ಹಿಂದಿನ ದಿನ, ಬಿಡುವಿದ್ದವರು ಯಾರೋ ಒಬ್ಬರು, ಟೀ ಕುಡಿಯುವ ಪೇಪರ್ ಕಪ್ಪಿನಲ್ಲಿ ಐಸ್‌ಕ್ರೀಂ ಕಡ್ಡಿಯಿಂದ ತಿರುವಿ ಹೊಯ್ದುಬಿಡುತ್ತಿದ್ದರು. ಖಾಲಿ ತಾನೇ, ಅದರಲ್ಲಿ ಹರಡುವುದಕ್ಕೆ ಏನಿದೆ? ಹಳಬರು ಹೊಸಬರಿಗೆ ಹೀಗೆ ಹೇಳಿಕೊಟ್ಟು, ಅವರು ಹಳಬರಾಗಿ ಮುಂದಿನವರಿಗೆ ಹೇಳಿಕೊಟ್ಟು, ವಿಭಾಗದಲ್ಲಿ ಒಂದು ಸಂಪ್ರದಾಯ ಬೆಳೆದಿತ್ತು. ಪ್ರತಿ ಥೀಸಿಸ್ಸಿನಲ್ಲೂ ಮಸಾಲೆ ಖಾಲಿಗಿಂತ ಬಲಶಾಲಿ. ಈ ಫಲಿತಾಂಶಗಳ ಮೇಲೆ ಎಚ್‌ಒಡಿ ಒಂದು 'ನ್ಯಾನೋ ಶ್ರೇಷ್ಠತಾ ಕೇಂದ್ರ' ತೆರೆದರು. ಮುರಿದ ಡೆಸ್ಕುಗಳನ್ನು ಇಡುತ್ತಿದ್ದ ಉಗ್ರಾಣಕ್ಕೆ ಬೋರ್ಡು ಬಿತ್ತು. ಉದ್ಘಾಟನೆಯ ದಿನ ಮೇಡಂ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ನ್ಯಾನೋ ಅನ್ನೋ ಹೆಸರು ಸರಿಯಾಗಿದೆ. ಕೋಣೆ ಅಳತೆಗೆ ಒಪ್ಪುತ್ತೆ" ಅಂದರು.

ಬೆಂಡೆಕಾಯಿಯನ್ನು ಒಂದೊಂದೇ ಮುರಿಯುತ್ತಿದ್ದ ಈ ಹೆಂಗಸು ಪೇಪರ್ ಕಪ್ಪಿನ ಖಾಲಿಯ ಬಗ್ಗೆ ಅಷ್ಟು ಕಾಲ ಒಂದು ಮಾತೂ ಕೇಳಲಿಲ್ಲ. ಶ್ರದ್ಧಾಂಜಲಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಅವರಿಗೂ ಆ ಸಂಪ್ರದಾಯ ಕಣ್ಣಿಗೆ ಬಿದ್ದಿರಲಿಲ್ಲ; ದಿನಾ ಓಡಾಡುವ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲವಲ್ಲ, ಹಾಗೆ.

ಕಣ್ಣಿಗೆ ಬಿದ್ದದ್ದು ಮಹದೇವನಿಂದ. ಮಹದೇವ ನಮ್ಮಲ್ಲೇ ಗುತ್ತಿಗೆಯ ಮೇಲೆ ಪಾಠ ಮಾಡುತ್ತ, ಮೇಡಂ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ. ನಂಜನಗೂಡಿನ ಕಡೆಯ ಹಳ್ಳಿಯವನು, ಮದುವೆಯಾಗಿ ಒಂದು ಮಗುವಿನ ತಂದೆ. ಆ ವರ್ಷ ಡಿಗ್ರಿ ಕೈಗೆ ಬಂದರೆ ಕೆಲಸ ಕಾಯಂ, ಬರದಿದ್ದರೆ ಜೂನ್‌ನಿಂದ ಬರಬೇಡಿ ಎಂದು ಆಡಳಿತದವರು ಹೇಳಿದ್ದರು. ಥೀಸಿಸ್ ಮುಗಿಯುತ್ತ ಬಂದಿತ್ತು, ಉಳಿದದ್ದು ಕೊನೆಯ ಒಂದು ಸುತ್ತು ಎಳೆತ. ಆ ಸುತ್ತಿನ ಮಸಾಲೆಯನ್ನು ಪಂಪಿನ ಪಾತ್ರೆಯೊಳಗೆ ಇಟ್ಟಾಗ ಪಕ್ಕದಲ್ಲಿ ಸ್ವಲ್ಪ ಜಾಗವಿತ್ತು. ಮಹದೇವ ಸಾಮಾನು ಹಾಳಾಗುವುದನ್ನೂ ಜಾಗ ಹಾಳಾಗುವುದನ್ನೂ ಸಹಿಸುವವನಲ್ಲ. ಖಾಲಿಯ ಕಪ್ಪನ್ನೂ ಒಳಗೆ ಇಟ್ಟುಬಿಟ್ಟ.

ಮರುದಿನ ಎಳೆದರೆ ಖಾಲಿ ಮಸಾಲೆಯಷ್ಟೇ ಭಾರ ತಡೆಯಿತು.

ಅವನು ಪಟ್ಟಿಗಳನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಾಗ ನಾನು ಅಲ್ಲೇ ಇದ್ದೆ. "ಮೇಡಂ, ಮಿಷನ್ನು ಕೆಟ್ಟೋಗದೆ."

"ಹೇಗೆ ಹೇಳ್ತೀಯ?"

"ಖಾಲಿ ಮುರೀತಿಲ್ಲ. ಅಂದ್ರೆ ಮುರೀತದೆ, ಆದ್ರೆ ಮಸಾಲೆ ಜೊತೆಗೇ ಮುರೀತದೆ."

ಮೇಡಂ ಮುರಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರೊಳಗೆ ಏನೂ ಇರಲಿಲ್ಲ, ತಿಳಿನೀರಿನ ಹಾಗಿತ್ತು. "ಈ ಸಲ ಖಾಲಿಗೆ ಏನು ಮಾಡಿದೆ?"

"ಏನೂ ಮಾಡ್ಲಿಲ್ಲ ಮೇಡಂ. ಪಂಪಲ್ಲಿ ಜಾಗ ಇತ್ತು. ಅಂಗೇ ಪಕ್ಕದಲ್ಲಿ ಕೂರಿಸ್ದೆ."

ಅವರು ತುಂಡನ್ನು ತಿರುಗಿಸಿ ಇನ್ನೊಮ್ಮೆ ಬೆಳಕಿಗೆ ಹಿಡಿದರು. ನಾನು ಸುಮ್ಮನಿರಲಾರದೆ, ಮಿಷನ್ ರಿಪೇರಿಯವನನ್ನು ಕರೆಸಲಾ ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವುದಿಲ್ಲ.

ಎಚ್‌ಒಡಿಗೆ ವಿಷಯ ತಿಳಿದಾಗ ಅವರು ಸಮಾಧಾನದ ಮನುಷ್ಯನಂತೆಯೇ ನಡೆದುಕೊಂಡರು. "ಇದರಲ್ಲೇನಿದೆ ಮೇಡಂ? ಒಂದು ಬ್ಯಾಚು ಕೈಕೊಟ್ಟಿದೆ. ತೆಗೆದು ಹಾಕಿ, ಹೊಸದಾಗಿ ಖಾಲಿ ಹೊಯ್ಯಲಿ. ಯಾವಾಗಲೂ ಹೊಯ್ಯೋ ಹಾಗೆ."

"ಯಾವಾಗಲೂ ಹೊಯ್ಯೋ ಹಾಗೆ ಅಂದ್ರೆ ಪೇಪರ್ ಕಪ್ಪಲ್ಲಾ ಸರ್?"

"ವಿಭಾಗದ ಪದ್ಧತಿ ಹೇಗಿದೆಯೋ ಹಾಗೆ."

"ಪದ್ಧತಿ ಗಂಡಿನ ಕಡೆಯವರಿಗೆ ಒಂದು ಊಟ, ಹೆಣ್ಣಿನ ಕಡೆಯವರಿಗೆ ಇನ್ನೊಂದು ಅಂತ ಇದೆ ಸರ್. ಆಮೇಲೆ ಗಂಡಿನ ಕಡೆಯವರೇ ಪುಷ್ಟಿಯಾಗಿದ್ದಾರೆ ಅಂತ ಬರೀತಿದೀವಿ."

ಎಚ್‌ಒಡಿ ನಕ್ಕರು. ನಕ್ಕು, ಮಹದೇವನ ಕಡೆ ತಿರುಗಿ, ಜೂನ್ ಹತ್ತಿರ ಬಂತಲ್ಲ ಎಂದರು. ಮೃದುಭಾಷಿ ಯಾರು ಎಂದು ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಮೇಡಂ ಹೊಸದಾಗಿ ಮಾಡಿಸಿದರು, ಆದರೆ ಪದ್ಧತಿಯ ಹಾಗಲ್ಲ. ಖಾಲಿಗೂ ಐಸ್, ಖಾಲಿಗೂ ಶಬ್ದ, ಖಾಲಿಗೂ ಪಂಪು. ಏನೂ ಇಲ್ಲದ ದ್ರವದಲ್ಲಿ ಏನೂ ಇಲ್ಲದ್ದನ್ನು ಹರಡಲು ಆ ಯಂತ್ರ ಬೆಳಗಿನ ಅರ್ಧ ಹೊತ್ತು ಕಿರುಚಿತು. ಕಾಲೇಜಿಗೇ ಅದು ತಮಾಷೆಯಾಯಿತು. ಫಲಿತಾಂಶ ಬದಲಾಗಲಿಲ್ಲ. ಮಸಾಲೆಗೂ ಖಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇಷ್ಟು ವರ್ಷ ನಾವು ಅಳೆದದ್ದು ನ್ಯಾನೋಟ್ಯೂಬಿನ ಬಲವನ್ನಲ್ಲ, ಪೇಪರ್ ಕಪ್ಪಿನ ಗುಳ್ಳೆಗಳನ್ನು.

ಮಹದೇವ ಅವತ್ತು ಊಟ ಮಾಡಲಿಲ್ಲ. ಸಂಜೆ ಲ್ಯಾಬಿನಲ್ಲಿ ಮೇಡಂ ಮುಂದೆ ನಿಂತಿದ್ದ. ನಾನು ಬಾಗಿಲ ಬಳಿ ಯಾವುದೋ ನೆಪದಲ್ಲಿ ಸುಳಿದಾಡುತ್ತಿದ್ದೆ. ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲ.

"ಬುಟ್ಬುಡಿ ಮೇಡಂ. ಎಲ್ಲಾರೂ ಮಾಡಿದ್ದೇ ತಾನೇ? ನಾನೊಬ್ಬ ಮಾಡಿದ್ರೆ ಏನಾಯ್ತದೆ?"

"ಏನೂ ಆಗಲ್ಲ. ಡಿಗ್ರಿ ಆಗುತ್ತೆ."

"ಅದೇ ಬೇಕಾಗಿರೋದು ನಂಗೆ."

"ಹಾಗಿದ್ರೆ ಆ ಬ್ಯಾಚನ್ನ ಕಸಕ್ಕೆ ಹಾಕು. ನಾನು ಬೇಡ ಅನ್ನಲ್ಲ. ಸಹಿ ಬೇಕಾದ್ರೆ ಬೇರೆ ಗೈಡ್ ಹುಡುಕ್ಕೋ."

ಕ್ರೂರ ಮಾತು. ಜೂನ್ ಅಷ್ಟು ಹತ್ತಿರ ಇರುವಾಗ ಬೇರೆ ಗೈಡ್ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರ ಸಂಬಳ ಜೂನ್‌ನಲ್ಲೂ ಬರುತ್ತಿತ್ತು, ಜುಲೈಯಲ್ಲೂ ಬರುತ್ತಿತ್ತು. ಈ ಲೆಕ್ಕ ನನ್ನ ತಲೆಯಲ್ಲಿ ಓಡಿದ ಹಾಗೆಯೇ ಮಹದೇವನ ತಲೆಯಲ್ಲೂ ಓಡಿರಬೇಕು. ಅವನ ಮುಖ ಕೆಂಪಾಯಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡಿ. ನಿಮ್ಮ ಪಿಎಚ್‌ಡಿಲಿ ಖಾಲಿಗೆ ಪಂಪು ಹಾಕಿದ್ರಾ?"

ಮೇಡಂ ಅವರ ಪಿಎಚ್‌ಡಿ ನಮ್ಮಲ್ಲಿ ದೇವರ ಪಟದ ಹಾಗೆ. ವಿಭಾಗದಲ್ಲಿ ನ್ಯಾನೋ ಎಂಬುದು ಶುರುವಾದದ್ದೇ ಅಲ್ಲಿಂದ. ಹೊಸಬರು ಮೊದಲು ಓದುವುದು ಅದನ್ನು, ಎಚ್‌ಒಡಿಯ ಕೇಂದ್ರದ ಗೋಡೆಯಲ್ಲಿ ನೇತಾಡುತ್ತಿದ್ದುದು ಅದರ ಫಲಿತಾಂಶದ ನಕ್ಷೆ.

"ಇಲ್ಲ ಕಣೋ," ಅಂದರು ಮೇಡಂ. "ಸ್ಟೀಲ್ ಲೋಟದಲ್ಲಿ ಚಮಚ ಹಾಕಿ ತಿರುವಿದ್ದೆ. ಆಗ ಪೇಪರ್ ಕಪ್ಪು ಇರಲಿಲ್ಲ."



"ಅಂದ್ರೆ ಅದೂ ಓಯ್ತಾ ಮೇಡಂ?"

"ಗೊತ್ತಿಲ್ಲ. ಹೋಗಿರಬಹುದು. ನೀನು ಬರೆಯೋದಾದ್ರೆ ಅದನ್ನೂ ಸೇರಿಸಿ ಬರಿ. ಆದ್ರೆ ಸುಮ್ನೆ ಊಹೆ ಮೇಲೆ ನನ್ನ ಹೆಸರು ಕೆಡಿಸಬೇಡ. ಮಾಡಿ ನೋಡಿ ಕೆಡಿಸು."

ಈ ಕಡೆಯ ಮಾತನ್ನು ಶ್ರದ್ಧಾಂಜಲಿಯಲ್ಲಿ ಮೂರು ಜನ ಮೂರು ರೀತಿ ಹೇಳಿದರು. ಒಬ್ಬರ ಪ್ರಕಾರ ಅವರು ಸತ್ಯದ ಬಗ್ಗೆ ಸಣ್ಣ ಭಾಷಣ ಮಾಡಿದರು. ಇನ್ನೊಬ್ಬರ ಪ್ರಕಾರ ಕಣ್ಣಲ್ಲಿ ನೀರಿತ್ತು. ಆ ಮೂವರಲ್ಲಿ ಯಾರೂ ಅವತ್ತು ಲ್ಯಾಬಿನಲ್ಲಿರಲಿಲ್ಲ. ಇದ್ದ ನಾನು ಬರೆದದ್ದು ಮೇಲಿದೆ. ಅದರಲ್ಲೂ ಒಂದೆರಡು ಪದ ನನ್ನವಿರಬಹುದು. ನೀರಂತೂ ಇರಲಿಲ್ಲ.

ಮಾಡಿ ನೋಡಿದರು. ಮೇಡಂ ತಮ್ಮ ಹಳೆಯ ಪಾಕವನ್ನು ಬಾಯಲ್ಲೇ ಹೇಳಿದರು, ಮಹದೇವ ಬೆರೆಸಿದ. ಅದೇ ರೆಸಿನ್, ಅದೇ ಮಸಿ, ಖಾಲಿಗೂ ಅದೇ ಉಪಚಾರ. ಎಳೆಯುವ ದಿನ ಅವರು ಕುರ್ಚಿಯನ್ನು ಯಂತ್ರದ ಎದುರಿಗೆ ಎಳೆದುಕೊಂಡು, ಅಂಕಿ ಕಾಣುವ ಪರದೆಗೆ ಬೆನ್ನು ಹಾಕಿ ಕೂತರು. ಮೊದಲು ಮಸಾಲೆ. ಹಿಂದೆ ಬಂದಷ್ಟೇ ಬಂತು. ಆಮೇಲೆ ಖಾಲಿಯನ್ನು ಸಿಕ್ಕಿಸಿದರು. ನಾನು ಪರದೆ ನೋಡುತ್ತಿದ್ದೆ. ಅಂಕಿ ಏರುತ್ತಾ ಬಂತು. ಹಳೆಯ ಖಾಲಿ ಮುರಿದ ಜಾಗ ದಾಟಿತು, ಇನ್ನೂ ಏರಿತು. ಮಹದೇವ ಪರದೆಯನ್ನು ನೋಡುವುದು ಬಿಟ್ಟು ಮೇಡಂ ಬೆನ್ನನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಒಂದೇ ಆಸೆ ಇತ್ತು, ಬೇಗ ಮುರಿ, ಮೇಡಂ ಅವರ ಹಳೆಯ ಫಲಿತಾಂಶ ಉಳಿಯಲಿ ಎಂದು. ಹಾಗೆ ಮುರಿದರೆ ಅವನ ಥೀಸಿಸ್ಸಿನ ಒಂದು ಕಂಬ ಬೀಳುತ್ತಿತ್ತು, ಆದರೂ.

ಟಕ್ ಎಂದಿತು.

"ಎಷ್ಟು?" ಅಂದರು ಮೇಡಂ, ತಿರುಗದೆ.

"ಮಸಾಲೆಯಷ್ಟೇ, ಮೇಡಂ. ಒಂಚೂರು ಜಾಸ್ತಿನೇ."

"ಒಂದರ ಮೇಲೆ ನಂಬಬೇಡ. ಉಳಿದಿದ್ದನ್ನೂ ಎಳಿ." ಉಳಿದವೂ ಹಾಗೆಯೇ ಬಂದವು. ಎದ್ದು ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿ ಹೊಯ್ದಿದೀಯ. ಒಂದು ಗುಳ್ಳೆ ಇಲ್ಲ," ಎಂದರು. ಆಮೇಲೆ ಕನ್ನಡಕಕ್ಕಾಗಿ ಬಹಳ ಹೊತ್ತು ಹುಡುಕಿದರು. ಅದು ತಲೆಯ ಮೇಲೇ ಇತ್ತು. ನಾವಿಬ್ಬರೂ ಹೇಳಲಿಲ್ಲ.

ಥೀಸಿಸ್ ಬರೆದಾಯಿತು. ನ್ಯಾನೋಟ್ಯೂಬ್ ಏನೂ ಮಾಡುವುದಿಲ್ಲ ಎಂದು ಬರೆಯಲು ಮೇಡಂ ಬಿಡಲಿಲ್ಲ. "ನಮ್ಮ ಕೈಲಿ ಏನೂ ಮಾಡಲಿಲ್ಲ ಅಂತ ಬರಿ. ಬೇರೆಯವರ ಕೈಲಿ ಏನು ಮಾಡ್ತೋ ನಮಗೇನು ಗೊತ್ತು? ಅದನ್ನ ಹಾಕಿದ್ರೆ ರೆಸಿನ್ನಲ್ಲಿ ಕರೆಂಟು ಹರಿಯುತ್ತೆ, ಅದು ನಿಜ, ಅದನ್ನ ಬರಿ. ಬಲ ಗುಳ್ಳೆ ತೆಗೆದಿದ್ದರಿಂದ ಬಂತು ಅಂತ ಬರಿ." ಎಚ್‌ಒಡಿ ಓದಿ, ಇದು ಥೀಸಿಸ್ ಅಲ್ಲ, ದೂರು ಅರ್ಜಿ ಎಂದರು. ಆದರೂ ಗೈಡ್ ಸಹಿ ಇದ್ದದ್ದರಿಂದ ಅದು ಹೊರಗಿನ ಪರೀಕ್ಷಕರಿಗೆ ಹೋಯಿತು. ಜೂನ್‌ಗೆ ಸ್ವಲ್ಪ ಮುಂಚೆ ವೈವಾ ನಿಗದಿಯಾಯಿತು.

ವೈವಾ ಎಂದರೆ ಅಭ್ಯರ್ಥಿ ಎಲ್ಲರೆದುರು ನಿಂತು ತನ್ನ ಕೆಲಸವನ್ನು ಸಮರ್ಥಿಸಬೇಕು. ನಮ್ಮ ಕಡೆ ಅದರ ಜೊತೆಗೆ ಎಲ್ಲರಿಗೂ ತಿಂಡಿ ಹಾಕಿಸಬೇಕು. ಮಹದೇವನ ಹೆಂಡತಿ ಕೇಸರಿಬಾತನ್ನು ಮನೆಯಲ್ಲೇ ಮಾಡಿ ಕಳಿಸಿದ್ದಳು, ಬೋಂಡ ಹೋಟೆಲಿನದು. ತಿಂಡಿಯ ಡಬ್ಬಗಳನ್ನು ಹಾಲಿನ ಹಿಂದಿನ ಮೇಜಿನ ಮೇಲೆ ಇಟ್ಟಿದ್ದರಿಂದ, ಫಲಿತಾಂಶ ಏನೇ ಆದರೂ ತಿನ್ನುವುದು ಖಚಿತವೆಂದು ಹಾಲು ತುಂಬಿತ್ತು. ಗೈಡ್ ವೈವಾದಲ್ಲಿ ಬಾಯಿ ಬಿಡುವ ಹಾಗಿಲ್ಲ. ಮೇಡಂ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮಧ್ಯಾಹ್ನದ ರೈಲಿಗೆ ಟಿಕೆಟ್ ಮಾಡಿಸಿದ್ದವರು. ವೈವಾ ಇಂಗ್ಲಿಷಿನಲ್ಲಿ ಶುರುವಾಗಿ, ಕಷ್ಟ ಬಂದ ಕೂಡಲೇ ಕನ್ನಡಕ್ಕೆ ಬಂತು. ಕಷ್ಟ ಬಂದದ್ದು ಮೇಡಂ ಅವರ ಹಳೆಯ ಪ್ರಯೋಗದ ಸ್ಲೈಡಿನಲ್ಲಿ. ಥೀಸಿಸ್ಸಿನಲ್ಲಿ ಅವರ ಹೆಸರಿತ್ತು, ಪರೀಕ್ಷಕರು ಅದನ್ನು ಗಮನಿಸಿದ ಹಾಗಿರಲಿಲ್ಲ. ಸ್ಲೈಡಿನಲ್ಲಿ ಮಹದೇವ ಅದನ್ನು ತೆಗೆದು 'ಹಿಂದಿನ ಒಂದು ಕೆಲಸ' ಎಂದು ಹಾಕಿಬಿಟ್ಟಿದ್ದ. ಎದುರಿಗೆ ಕೂತ ಗುರುವಿನ ಹೆಸರನ್ನು, ಅದೂ ತಪ್ಪು ಎಂದು ತೋರಿಸುವ ಜಾಗದಲ್ಲಿ, ಗೋಡೆಯಷ್ಟು ದೊಡ್ಡದಾಗಿ ಹಾಕಲು ಅವನಿಗೆ ಕೈ ಬಂದಿರಲಿಲ್ಲ.

"ಯಾರ ಕೆಲಸ ಇದು?" ಪರೀಕ್ಷಕರು ಕೇಳಿದರು.

"ನಮ್ಮ ವಿಭಾಗದ್ದೇ ಸರ್. ಹಳೇದು."

"ಯಾರದ್ದು ಅಂದೆ."

"ಹಿರಿಯರು ಸರ್."

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ನೋಡಿ, ನಿಮ್ಮ ಥೀಸಿಸ್ಸು ನಿಂತಿರೋದು ಇದರ ಮೇಲೆ. ಹಳೇ ಕೆಲಸದಲ್ಲಿ ಹೀಗೆ ಆಗಿದೆ ಅಂತೀರಿ. ಯಾರ ಕೆಲಸ ಅಂತ ಹತ್ತು ಜನರ ಮುಂದೆ ಹೇಳೋಕಾಗದಿದ್ರೆ ಅದು ಸರಿ ಅಂತ ನಾನು ಹೇಗೆ ಸಹಿ ಹಾಕ್ಲಿ? ತಿದ್ದಿ ತನ್ನಿ, ಇನ್ನೊಂದು ಸಲ ನೋಡೋಣ."

ಇನ್ನೊಂದು ಸಲ ಎಂದರೆ ಜೂನ್ ದಾಟುತ್ತದೆ. ಎಚ್‌ಒಡಿ ತಲೆಯಾಡಿಸಿದರು, ಬಹಳ ವ್ಯಥೆಯಿಂದ. ಮಹದೇವ ಮೇಡಂ ಕಡೆ ನೋಡಿದ. ಮೇಡಂ ಸ್ಲೈಡನ್ನು ನೋಡುತ್ತಿದ್ದರು. ಅದರಲ್ಲಿ ಕಾಗುಣಿತದ ತಪ್ಪು ಕಂಡಾಗ ಮಾಡುವ ಮುಖ ಮಾಡಿಕೊಂಡಿದ್ದರು. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಮಹದೇವನ ಬಾಯಲ್ಲಿ ಅವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವನು ಹೆಸರು ಹೇಳಿದ. ಡಾಕ್ಟರ್ ಇಲ್ಲ, ಮೇಡಂ ಇಲ್ಲ, ಅವರು ಎಂಬುದೂ ಇಲ್ಲ. ಬರೀ ಹೆಸರು, ಹಾಜರಿ ಕರೆದ ಹಾಗೆ. ಆಮೇಲೆ, "ಖಾಲಿಗೆ ಪಂಪು ಹಾಕಿರಲಿಲ್ಲ ಸರ್. ಅದಕ್ಕೇ ವ್ಯತ್ಯಾಸ ಬಂದದ್ದು. ನಾವು ಹಾಕಿ ನೋಡಿದೀವಿ. ವ್ಯತ್ಯಾಸ ಇಲ್ಲ," ಎಂದ.

"ಈಗ ಎಲ್ಲಿದ್ದಾರೆ ಅವರು?"

"ಇಲ್ಲೇ ಸರ್. ನನ್ನ ಗೈಡು."

ಪರೀಕ್ಷಕರು ಕುರ್ಚಿಯನ್ನೇ ತಿರುಗಿಸಿಕೊಂಡು ನೋಡಿದರು. ಬಾಯಿ ಬಿಡಬಾರದ ಮೇಡಂ ಬಾಯಿ ಬಿಟ್ಟರು: "ನನ್ನನ್ನ ಆಮೇಲೆ ನೋಡಬಹುದು ಸರ್, ಎಲ್ಲೂ ಹೋಗಲ್ಲ. ಮಹದೇವ, ಮುಂದಿನ ಸ್ಲೈಡು."

ಸಹಿಯಾಯಿತು, ಮಹದೇವನ ಕೆಲಸ ಉಳಿಯಿತು. ಎಚ್‌ಒಡಿ ಕೇಂದ್ರದ ಗೋಡೆಯಿಂದ ನಕ್ಷೆಯನ್ನು ಇಳಿಸಿ ಅಲ್ಲಿ ಗಡಿಯಾರ ಹಾಕಿದರು. ಮುಂದಿನ ವರ್ಷ ಪ್ರೊಫೆಸರ್ ಬಡ್ತಿಯ ಸಂದರ್ಶನದಲ್ಲಿ, ನಿಮ್ಮ ಮುಖ್ಯವಾದ ಸಂಶೋಧನೆ ಯಾವುದು ಎಂದು ಕೇಳಿದರಂತೆ. ನನ್ನ ಪಿಎಚ್‌ಡಿ ತಪ್ಪು ಅಂತ ನನ್ನ ವಿದ್ಯಾರ್ಥಿ ತೋರಿಸಿದ್ದು ಎಂದರಂತೆ ಮೇಡಂ. ಸಮಿತಿಯವರು ತಮಾಷೆ ಎಂದುಕೊಂಡು ನಕ್ಕರಂತೆ. ಆಮೇಲೆ ತಮಾಷೆಯಲ್ಲವೆಂದು ಗೊತ್ತಾಯಿತು. ಈ ಭಾಗ ನಾನು ಕೇಳಿದ್ದು, ಕಂಡದ್ದಲ್ಲ.

ಕಂಡದ್ದು ವೈವಾ ದಿನದ ತಿಂಡಿ. ಪರೀಕ್ಷಕರಿಗೆ ಬಡಿಸಿ ಮುಗಿದ ಮೇಲೆ ಮಹದೇವ ಒಂದು ತಟ್ಟೆ ಹಿಡಿದು ಮೇಡಂ ಹತ್ತಿರ ಬಂದ. ಗೆದ್ದವನ ಮುಖವಲ್ಲ ಅದು.

"ತಪ್ಪು ತಿಳ್ಕೋಬ್ಯಾಡಿ ಮೇಡಂ. ಅಷ್ಟು ಜನದ ಮುಂದೆ ಹೆಸರು ಹಿಡಿದು ಕರೆದ್ಬುಟ್ಟೆ."

ಮೇಡಂ ತಟ್ಟೆ ತೆಗೆದುಕೊಂಡರು. "ಅಕ್ಕ ನನ್ನನ್ನ ಪುಟ್ಟೂ ಅಂತಾಳೆ. ನೀವೆಲ್ಲ ಮೇಡಂ ಅಂತೀರಿ. ನಮ್ಮಮ್ಮ ಹೋದ ಮೇಲೆ ಬರೀ ಹೆಸರನ್ನ ಯಾರೂ ಕರೆದಿರಲಿಲ್ಲ ಕಣೋ." ಸ್ವಲ್ಪ ಹೊತ್ತು ಕೇಸರಿಬಾತನ್ನೇ ನೋಡಿದರು. "ಚೆನ್ನಾಗಿತ್ತು, ಕೇಳೋಕೆ."

ಮೇಡಂ ಬೋಂಡವನ್ನು ಎರಡು ತುಂಡು ಮಾಡಿ, ಒಳಗೆ ಬೆಂದಿದೆಯೇ ನೋಡಿ, ಬೆಂದಿಲ್ಲವೆಂದು ಅವನ ಕೈಗೇ ವಾಪಸು ಕೊಟ್ಟರು.